ಕಂಪ್ಯೂಟರಿಗೆ ಕಳಿಸಿದ ಮಳೆ

ತಪ್ಪು ಎಲ್ಲರ ಕೆಲಸದಲ್ಲೂ ಆಗುತ್ತದೆ. ನನ್ನ ತಪ್ಪಿಗೆ ಮಾತ್ರ ಯಾವಾಗಲೂ ಜನ ಸೇರುತ್ತಿದ್ದರು. ಆಲೂರಿನ ಒಂದು ಕಾಫಿ ಬೆಳೆಗಾರರ ಸಂಘದಲ್ಲಿ ನನ್ನದು ಕಂಪ್ಯೂಟರ್ ಕೆಲಸ. ಯಾವ ತೋಟಕ್ಕೆ ಎಷ್ಟು ಮಳೆ ಬಿತ್ತೆಂದು ಇಂಟರ್ನೆಟ್‌ನಲ್ಲಿ ತುಂಬುವ ಪುಟವೊಂದನ್ನು ಬರೆದಿದ್ದೆ.

ಕ್ಯಾರಿಯರ್

ಮೊದಲ ದಿನ ಸಂಘದ ಅಧ್ಯಕ್ಷರಿಗೆ ತೋರಿಸಿದೆ. ಬಟನ್ ಒತ್ತಿದರೆ ತೋಟದ ಹೆಸರು, ತಾರೀಖು, ಇಂಚು ಮೂರನ್ನೂ ಪುಟದೊಳಗಿನ ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಂ ಒಂದೇ ಕಟ್ಟು ಮಾಡಿ ಸಂಘದ ಮುಖ್ಯ ಕಂಪ್ಯೂಟರಾದ ಸರ್ವರ್‌ಗೆ ಕಳಿಸಬೇಕು. ಅಲ್ಲಿನ ಪ್ರೋಗ್ರಾಂ ಬಿಚ್ಚಿ ಬರೆದುಕೊಳ್ಳಬೇಕು.

"ಊಟದ ಕ್ಯಾರಿಯರ್ ಇದ್ದಂಗೆ ಸಾರ್. ಡಬ್ಬಿ ಮೂರು, ಹಿಡಿ ಒಂದೇ" ಅಂದು ಒತ್ತಿದೆ. ಸರ್ವರ್‌ನಲ್ಲಿ ಹೊಸ ಸಾಲು ಬಂತು. ಮೂರು ಖಾನೆಯೂ ಖಾಲಿ.

"ಹೂಮಳೆ ಹೊತ್ತಿಗೆ ಮಳೆ ಪಟ್ಟಿ ತಪ್ಪಿದ್ರೆ ಬೇರೆ ಕೆಲಸ ನೋಡ್ಕೋ" ಅಂದರು ಅಧ್ಯಕ್ಷರು. ನನಗೆ ಮದುವೆ ಗೊತ್ತಾಗಿದ್ದ ಸಮಯ, ನಿಜಕ್ಕೂ ಹೆದರಿದೆ. ಹೋಗುವಾಗ ಬಾಗಿಲಲ್ಲಿ ನಿಂತು ಸಮಾಧಾನವಾಗಿ ಹೇಳಿದರು: "ಕ್ಯಾರಿಯರ್ ಚೆನ್ನಾಗೈತೆ ಕಣೋ. ಊಟ ಹಾಕೋದು ಮರ್ತಿದ್ದೀಯ."

ಬಿಸಿಲೆ

ಆ ಮಳೆಗಾಲದಲ್ಲಿ, ಜಡಿಮಳೆಗೇ ಹೆಸರಾದ ಬಿಸಿಲೆ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಟನ್ ಒತ್ತಿದರು. ಪುಟ ಹಾಗೇ ಇತ್ತು. 'ತಲುಪಿತು' ಎಂದು ತೋರಿಸುವುದನ್ನೇ ನಾನು ಮರೆತಿದ್ದೆ. ಪಾಪ, ಹನ್ನೊಂದು ಸಲ ಒತ್ತಿದರು. ಎರಡು ಇಂಚು ಮಳೆ ಇಪ್ಪತ್ತೆರಡು ಇಂಚಾಯಿತು.

ನನಗೆ ಗೊತ್ತಾಗುವಷ್ಟರಲ್ಲಿ ಪಟ್ಟಿ ಅಧ್ಯಕ್ಷರ ಕೈಗೆ ಹೋಗಿತ್ತು. ಅವರು ಓದಿ ಸಹಿ ಹಾಕಿದರು. "ಬಿಸಿಲೆ ಅಲ್ವಾ, ಬಿದ್ದಿರುತ್ತೆ ಬುಡು."

ಹೂಮಳೆ

ಕೆ. ಹೊಸಕೋಟೆ ಹತ್ತಿರ ಅಧ್ಯಕ್ಷರ ತೋಟ, ಬೇಲಿಯಾಚೆ ಅವರ ಭಾಮೈದನ ತೋಟ. ಅಧ್ಯಕ್ಷರ ಮಳೆ ಪುಟದಿಂದ ಬರುತ್ತಿತ್ತು. ಭಾಮೈದ ಫೋನಿನಲ್ಲಿ ಹೇಳಿದ್ದನ್ನು ನಾನೇ ನೇರ ಸರ್ವರ್‌ನಲ್ಲಿ ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮೊದಲ ಹೂಮಳೆ ಯಾರಿಗೆ ಬಿತ್ತು ಅನ್ನುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಪಟ್ಟಿಯಲ್ಲಿ ಅಧ್ಯಕ್ಷರಿಗೆ ಸೋಮವಾರ, ಭಾಮೈದನಿಗೆ ಮಂಗಳವಾರ. ಅಧ್ಯಕ್ಷರು ವಾರವೆಲ್ಲ ಮೀಸೆ ತಿರುವಿದರು.

ಭಾಮೈದ ಆಫೀಸಿಗೇ ಬಂದರು. "ಒಂದೇ ಮೋಡ ಮಾರಾಯ. ಬೇಲಿ ದಾಟಕ್ಕೆ ಒಂದು ದಿನ ಬೇಕಾ?"

ಹುಡುಕಿದೆ. ಪುಟದ ಸ್ಕ್ರಿಪ್ಟ್ ತಾರೀಖನ್ನು ಆ ದಿನ ಹುಟ್ಟುವ ನಡುರಾತ್ರಿಯೆಂದು ಹಿಡಿದು, ಇಂಗ್ಲೆಂಡ್ ಸಮಯಕ್ಕೆ ಬದಲಿಸಿ ಕಳಿಸುತ್ತಿತ್ತು. ನಮ್ಮಲ್ಲಿ ಮಂಗಳವಾರ ಹುಟ್ಟುವಾಗ ಅಲ್ಲಿನ್ನೂ ಸೋಮವಾರ ಸಂಜೆ. ಮಳೆ ಇಬ್ಬರಿಗೂ ಮಂಗಳವಾರವೇ ಬಿದ್ದಿತ್ತು. ಕೆಲಸ ಹೋಯಿತು ಎಂದುಕೊಂಡೇ ಇಬ್ಬರೆದುರೂ ಹೇಳಿದೆ.

ಅಧ್ಯಕ್ಷರು ಲೋಟದ ಕಾಫಿ ಪೂರ್ತಿ ಕುಡಿದರು. "ನಮ್ಮ ಕಾಫಿ ಕೊಳ್ಳೋರು ಆ ಕಡೆಯೋರೇ ಅಲ್ವೇನೋ? ಅವರ ಟೈಮೇ ಇರ್ಲಿ. ಏನೂ ಮುಟ್ಟಬ್ಯಾಡ."

ನನ್ನ ಕೆಲಸ ಉಳಿಯಿತು. ಭಾಮೈದ ಅಧ್ಯಕ್ಷರ ಮುಖವನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ನಾಳೆ ನಮ್ಮನೇಗೂ ಬಂದು ಆ ಪುಟ ಹಾಕ್ಕೊಡು. ಫೋನಲ್ಲಿ ಹೇಳಿದ್ರೆ ಮಳೆ ಒಂದು ದಿನ ತಡವಾಗಿ ಬೀಳ್ತೈತೆ."