ಗೋಧಿ ಇಲ್ಲದ ಮರ್ಯಾದೆ

ನಾನು ಮೂಲತಃ ಸಂಕೋಚದ ಮನುಷ್ಯ. ಬಡಿಸಿದ್ದನ್ನು ತುಟಿಪಿಟಕ್ಕೆನ್ನದೆ ತಿಂದು, ಉಪ್ಪಿಲ್ಲದಿದ್ದರೂ ‘ಭಾಳ ಛಲೋ ಆಗ್ಯದ್ರಿ’ ಎಂದು ಕೈತೊಳೆದು ಬರುತ್ತಿದ್ದವನು. ಅಂಥವನು ಈಗ ತಾಟಿನ ಮುಂದೆ ಕೂತರೆ ಪೊಲೀಸರ ಹಾಗೆ ವಿಚಾರಣೆ ಶುರುಮಾಡುತ್ತೇನೆ. ಇದರಲ್ಲೇನು ಹಾಕಿದ್ದೀರಿ, ಈ ಎಣ್ಣೆಯಲ್ಲಿ ಮೊದಲು ಏನು ಕರಿದಿದ್ದೀರಿ, ಇಂಗು ಯಾವ ಡಬ್ಬಿಯದು? ಯಾದಗಿರಿಯಲ್ಲಿ ನಮ್ಮನ್ನು ಊಟಕ್ಕೆ ಕರೆಯುವವರು ಕಡಿಮೆಯಾಗಿದ್ದಾರೆ. ಕರೆದವರೂ ನನ್ನನ್ನು ಕಂಡಕೂಡಲೇ ಅಡುಗೆಯವರನ್ನು ಹಿತ್ತಲಿಗೆ ಕಳಿಸಿಬಿಡುತ್ತಾರೆ. ಅವರದೂ ತಪ್ಪಿಲ್ಲ.

ಕಾರಣ, ಎಂಟು ವರ್ಷದ ನನ್ನ ಮಗಳು ಭೂಮಿಕಾ. ಎರಡು ವರ್ಷದ ಹಿಂದೆ ಹೊಟ್ಟೆನೋವು, ಭೇದಿ ಎಂದು ಸೊರಗಿ ಕಡ್ಡಿಯಾಗಿದ್ದವಳನ್ನು ಕಲಬುರಗಿಯ ಡಾಕ್ಟರರಿಗೆ ತೋರಿಸಿದೆವು. ಗೋಧಿಯ ಒಂದು ಚೂರೂ ಇವಳ ಹೊಟ್ಟೆಗೆ ಹೋಗಬಾರದು. ಮೈದಾ, ರವೆ, ಶಾವಿಗೆ ಎಲ್ಲವೂ ಗೋಧಿಯ ಮಕ್ಕಳೇ, ಡಬ್ಬಿಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆಸಿರುತ್ತಾರೆ ಎಂದರು. ಸುದ್ದಿ ಕೇಳಿ ನಮ್ಮವ್ವ ನಕ್ಕುಬಿಟ್ಟಳು. ‘ಇದನ್ನ ಹೇಳಾಕ ಡಾಕ್ಟರ ಬೇಕಾಗಿತ್ತೇನು? ನಮ್ಮಪ್ಪ ಹಬ್ಬಕ್ಕೊಮ್ಮಿ ಗೋಧಿ ಕಂಡಾಂವ. ಜೋಳ ತಿಂದೇ ಕಲ್ಲಿನಂಗಿದ್ದ!’ ಮಾತು ಖರೆ. ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದರೆ ಹುಡುಗಿಗೆ ಬೇರೇನೂ ಬೇಡ.

ತಾಪತ್ರಯವೆಲ್ಲ ಹೊಸ್ತಿಲು ದಾಟಿದ ಮೇಲೆ. ನಮ್ಮ ಕಡೆ ಹೊಟ್ಟೆಗೆ ಜೋಳ, ಮರ್ಯಾದೆಗೆ ಗೋಧಿ. ಬೀಗರು ಬಂದರೆ ಹೋಳಿಗೆ, ಅಳಿಯ ಬಂದರೆ ಗೋಧಿ ಹುಗ್ಗಿ, ಸುಮ್ಮನೆ ಮಾತಾಡಿಸಲು ಬಂದವರಿಗೂ ಉಪ್ಪಿಟ್ಟು. ಬೇಡವೆಂದರೆ ಮುಖ ಸಣ್ಣದಾಗುತ್ತದೆ. ಹೋಟೆಲಿನಲ್ಲಿ ಮುಖ ಸಣ್ಣದಾಗುವುದಿಲ್ಲ, ನಮ್ಮ ತಲೆ ಕೆಡುತ್ತದೆ. ಶಹಾಪುರದ ಬಸ್ ನಿಲ್ದಾಣದ ಹತ್ತಿರ ಒಮ್ಮೆ, ಬುಟ್ಟಿಯಲ್ಲಿದ್ದ ಬೋಂಡಾ ತೋರಿಸಿ, ‘ಇದರಾಗ ಗೋಧಿ ಅದೇನಪಾ?’ ಎಂದು ಕೇಳಿದೆ. ‘ಏ, ಇಲ್ರೀ ಸರ! ಗೋಧಿ ನಾವು ಮುಟ್ಟಂಗೇ ಇಲ್ಲ. ಬರೇ ಮೈದಾ!’ ಎಂದ ಮಹಾರಾಯ. ಮಗಳು ಎರಡು ಬಾಳೆಹಣ್ಣು ತಿಂದು, ಪಕ್ಕದ ಟೇಬಲ್ಲಿನವರ ಬಾಯಿ ನೋಡುತ್ತ ಕೂತಳು.

ಈ ಬೇಸಿಗೆಯಲ್ಲಿ ಸುರಪುರದಲ್ಲಿ ನಮ್ಮಕ್ಕನ ಸೊಸೆಯ ಕುಬುಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಊರಿಗೆಲ್ಲ ಊಟ ಹಾಕುವ ಕಾರ್ಯ. ಮಗಳ ಡಬ್ಬಿ ತರುತ್ತೇನೆಂದಿದ್ದಕ್ಕೆ ಅಕ್ಕ ಫೋನಿನಲ್ಲೇ ಉಗಿದಳು. ‘ತವರಮನಿಯವ್ರು ನನ್ನ ಮನಿಗಿ ಬುತ್ತಿ ಕಟ್ಟಿಕೊಂಡು ಬಂದ್ರ ನಾಲ್ಕು ಮಂದ್ಯಾಗ ನನ್ನ ಮಾನ ಏನಾಗಬೇಕೋ ತಮ್ಮಾ? ಭೂಮಿಗಿ ನಾನೇ ಕೈಯಾರೆ ರೊಟ್ಟಿ ಬಡೀತೀನಿ.’ ಬಡಿದಳು. ಅಷ್ಟು ಗದ್ದಲದಲ್ಲಿ, ಹೋಳಿಗೆಯ ಹಂಚಿಗೆ ತಾಗದಂತೆ ಬೇರೆ ಒಲೆ ಹೂಡಿ, ಬೆವರು ಸುರಿಸುತ್ತ ಬಡಿದಳು. ಮಗಳು ಮೂರು ರೊಟ್ಟಿ ತಿಂದಳು. ಅಕ್ಕ ನನ್ನ ಕಡೆ ತಿರುಗಿ, ‘ಹೆಂಗ ಮೆತ್ತಗಾಗ್ಯಾವ ನೋಡು! ಕೂಸಿನ ಗಂಟಲಿಗಿ ಒರಟಾಗಬಾರದಂತ ಒಂದೇ ಒಂದು ಹಿಡಿ ಗೋಧಿಹಿಟ್ಟು ಕಲಸೀನಿ’ ಎಂದಳು.

ನನ್ನ ಸಂಕೋಚ ಎಲ್ಲಿ ಹೋಯಿತೋ ಕಾಣೆ. ‘ಅದರ ಬದಲಿ ವಿಷಾನೇ ಕಲಸಬೇಕಾಗಿತ್ತು!’ ಎಂದು ಬೀಗರೆದುರಿಗೇ ಕೂಗಾಡಿಬಿಟ್ಟೆ. ಅಕ್ಕ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಮಾರನೆಯ ದಿನವಿಡೀ ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದಳು. ಸಂಜೆ, ‘ಅಪ್ಪಾ, ಇನ್ನ ಅತ್ತಿ ಮನಿಗಿ ಹೋಗೂದು ಬ್ಯಾಡ’ ಎಂದಳು. ಅತ್ತೆಯೆಂದರೆ ಜೀವ ಬಿಡುವ ಹುಡುಗಿ ಅದು. ಹೀಗೇ ಒಂದೊಂದು ಮನೆ ಬಿಡುತ್ತ ಹೋದರೆ ಇವಳಿಗೆ ನೆಂಟರೆಂದು ಯಾರು ಉಳಿಯುತ್ತಾರೆ? ನನಗೂ ಸಾಕುಸಾಕಾಗಿತ್ತು.

ಮುಂದಿನ ಭಾನುವಾರ ಅಕ್ಕ ಹತ್ತು ಕೆಜಿ ಜೋಳ ಹಸನು ಮಾಡಿಕೊಂಡು, ಬಸ್ಸಿನಲ್ಲಿ ನಮ್ಮ ಮನೆಗೇ ಬಂದಿಳಿದಳು. ಭೂಮಿಕಾ ಅವಳ ಹತ್ತಿರ ಹೋಗಲಿಲ್ಲ. ಅಕ್ಕ ನನಗೆ, ‘ಹೆಂಗ ಮಾಡಬೇಕು, ಎಲ್ಲಾ ತೋರಿಸು’ ಎಂದಳು. ಬೀಸಿಸುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಚೀಲ ಹೊತ್ತು, ದಾರಿಯುದ್ದಕ್ಕೂ ಉಪದೇಶ ಮಾಡುತ್ತ, ಮೂಲೆಯ ಗಿರಣಿಗೆ ಅವಳನ್ನು ಕರೆದುಕೊಂಡು ಹೋದೆ.

ಗಿರಣಿಯವನು ಚೀಲಕ್ಕೆ ಕೈಹಾಕುವಷ್ಟರಲ್ಲಿ ಅಕ್ಕ ಕೇಳಿದಳು, ‘ತಡೀರಿ. ಇದಕ್ಕಿಂತ ಮೊದಲ ಏನು ಬೀಸೀರಿ?’

‘ಗೋಧಿರಿ ಅಕ್ಕಾರ. ದಿನಾ ಹಂಗೇ, ಮೊದಲ ಗೋಧಿ, ಆಮ್ಯಾಲ ಜೋಳ. ಒಂದೀಟು ಹಿಟ್ಟು ಆ ಕಡಿ ಈ ಕಡಿ ಕೂಡತದ. ಸರ್ ಬರಾಕತ್ತಿ ಎರಡು ವರ್ಷಾತು, ಒಂದು ದಿನಾನೂ ತಕರಾರು ಮಾಡಿಲ್ಲ ನೋಡ್ರಿ.’

ಈ ಎರಡು ವರ್ಷ ಮಗಳಿಗೆ ಆಗಾಗ ಹೊಟ್ಟೆ ನೊಂದಾಗಲೆಲ್ಲ ನಾನು ಶಾಲೆಯವರನ್ನು, ಹೋಟೆಲಿನವರನ್ನು, ನೆಂಟರನ್ನು ಸಾಲಾಗಿ ನಿಲ್ಲಿಸಿ ಬೈದಿದ್ದೆ. ಗಿರಣಿಯವನನ್ನು ಮಾತ್ರ ಕೇಳಿರಲಿಲ್ಲ. ಬೀಸಿಸದ ಜೋಳವನ್ನು ಹಾಗೇ ಹೆಗಲಿಗೇರಿಸಿಕೊಂಡು ತಿರುಗಿ ಹೊರಟೆ. ಅಕ್ಕ ಈಗ ನನ್ನನ್ನು ಬಯ್ಯಬೇಕಿತ್ತು, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಹೇಳಿದಳು, ‘ಇದನ್ನ ಭೂಮಿಗಿ ಹೇಳಬ್ಯಾಡೋ ತಮ್ಮಾ. ಅಪ್ಪನ ಮನ್ಯಾಗೂ ಅಂಜಿ ಅಂಜಿ ಉಣ್ಣೂದು ಬ್ಯಾಡ ಆ ಕೂಸು. ಗೋಧಿ ತಿನಿಸಿದಾಕಿ ನಾನೇ ಅಂತ ಇರಲಿ ಬಿಡು.’

ನಾನು ಕೂಡಲೇ ಆಗಲಿ ಎಂದೆ. ಹುಟ್ಟಿದಾಗಿನಿಂದ ಅಕ್ಕನ ಯಾವ ಮಾತನ್ನೂ ನಾನು ಇಷ್ಟು ಬೇಗ ಒಪ್ಪಿದವನಲ್ಲ.