ಭಟ್ಟರ ಪ್ರಳಯ, ಸಾಹೇಬರ ಪ್ರಳಯ

ದವಾಖಾನೆಯ ಕೆಲಸದಲ್ಲಿ ನಗು ಬರುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಗಬಾರದ ಹೊತ್ತಿನಲ್ಲೇ ಹೆಚ್ಚು ನಡೆಯುತ್ತದೆ. ಮೂವತ್ತನೆಯ ಇಸವಿಯ ನಂತರದ ಆ ಕೆಲವು ವರ್ಷ ನಾನು ಯಲ್ಲಾಪುರದಲ್ಲಿ ಕಂಪೌಂಡರ್ ಆಗಿದ್ದೆ. ಸಿದ್ದಾಪುರದ ಕಡೆ ನಮ್ಮ ಊರಿನಿಂದ ಹಿಡಿದು ಇಲ್ಲಿಯವರೆಗೆ ಎಲ್ಲೆಲ್ಲೂ ಮಲೇರಿಯಾ ಹೊಕ್ಕಿತ್ತು. ಇವತ್ತು ಬಾಟಲಿಗೆ ಔಷಧಿ ತುಂಬಿಸಿಕೊಂಡು ಹೋದವನ ಅಣ್ಣ ನಾಡಿದ್ದು ಆ ಬಾಟಲಿಯನ್ನು ತಂದು, "ಇನ್ನು ಬೇಡ" ಎಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅಂಥ ದಿನಗಳಲ್ಲೂ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಅದಕ್ಕೆ ಇಬ್ಬರು ಕಾರಣ. ಒಬ್ಬರು ಪುರಾಣ ಓದುವ ಭಟ್ಟರು, ಇನ್ನೊಬ್ಬರು ಬಾಡಿಗೆ ಗಾಡಿಯ ಸಾಹೇಬರು. ನಕ್ಕದ್ದಕ್ಕೆ ಆಮೇಲೆ ಸಂಕಟಪಟ್ಟದ್ದೂ ಉಂಟು. ಅದನ್ನು ಮುಚ್ಚಿಡುವುದಿಲ್ಲ.

೧. ಒಂದೇ ನೀರು, ಎರಡು ದೋಣಿ

ವಾರಕ್ಕೊಮ್ಮೆ ಸಾಹೇಬರ ಎತ್ತಿನ ಗಾಡಿಯಲ್ಲಿ ಕ್ವಿನೈನ್ ಪೆಟ್ಟಿಗೆ ಹಾಕಿಕೊಂಡು ಹಳ್ಳಿಗಳಿಗೆ ಹೋಗುವುದು ನನ್ನ ಕೆಲಸ. ಭಟ್ಟರು ಅದೇ ಹಳ್ಳಿಗಳಲ್ಲಿ ಪುರಾಣ ಓದುತ್ತಿದ್ದರು. ದಾರಿ ಒಂದೇ ಆದ್ದರಿಂದ ಅವರೂ ಅದೇ ಗಾಡಿ ಹತ್ತುತ್ತಿದ್ದರು. ಸಾಹೇಬರ ಹಿರಿಯರು ಹಾವೇರಿ ಕಡೆಯವರು. ಮಾತು ಇನ್ನೂ ಆ ಕಡೆಯದೇ. ಭಟ್ಟರಂತೂ ಎದುರಿಗೆ ಕಲೆಕ್ಟರರೇ ಬಂದರೂ ತಮ್ಮ ಮನೆಮಾತು ಬಿಡುವವರಲ್ಲ.

ಗಾಡಿ ಪೇಟೆ ದಾಟುತ್ತಿದ್ದಂತೆ ಪ್ರಳಯ ಶುರುವಾಗುತ್ತಿತ್ತು. ಹಿಂದೊಮ್ಮೆ ಜಗತ್ತೆಲ್ಲ ನೀರಿನಲ್ಲಿ ಮುಳುಗಿತ್ತು ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಜಗಳವೆಲ್ಲ ದೋಣಿಯದು. ಮನುವಿನ ದೋಣಿಯನ್ನು ಕೊಂಬಿನ ಮೀನು ಎಳೆದುಕೊಂಡು ಹೋಯಿತು ಎಂದು ಭಟ್ಟರು. ನೂಹ್ ಪೈಗಂಬರರ ಹಡಗು ದೇವರ ಅಪ್ಪಣೆಯ ಮೇಲೆ ತೇಲಿತು, ಎಳೆಯುವವರು ಬೇಕಿರಲಿಲ್ಲ ಎಂದು ಸಾಹೇಬರು.

"ಮೀನಿಗೆ ಕಟ್ಟಿದ್ದು ಯಾವ ಹಗ್ಗಾರಿ?" ಎಂದು ಸಾಹೇಬರು ಕೇಳಿದರು.

"ಹಗ್ಗ ಅಲ್ದೋ ಮಾರಾಯಾ, ವಾಸುಕಿ. ಸರ್ಪ."

"ಹಾವಿಗೆ ಗಂಟು ಹಾಕೂದು ಹ್ಯಾಂಗ್ರಿ? ನನ್ನ ಎತ್ತಿಗೆ ಕಟ್ಟಿದ ಹಗ್ಗದ ಗಂಟೇ ನಿಲ್ಲೂದಿಲ್ಲ."

"ನಿಂಗಳ ಹಡಗಿನಲ್ಲಿ ಆನೆ ಇದ್ದಿತ್ತಲೀ, ಅದಕ್ಕೆ ಹುಲ್ಲು ಎಲ್ಲಿಂದ ತಂದ? ನಿನ್ನ ಎರಡು ಎತ್ತಿಗೇ ಹುಲ್ಲು ಸಾಲ್ತಿಲ್ಲೆ."

ನಾನು ಮೆಟ್ರಿಕ್‌ವರೆಗೆ ಓದಿದವನು. ಸುಮ್ಮನಿರಲಾರದೆ, "ಅಷ್ಟು ನೀರು ಬಂತು ಎಂದೇ ಇಟ್ಟುಕೊಳ್ಳಿ. ಆಮೇಲೆ ಅದು ಎಲ್ಲಿ ಹೋಯಿತು?" ಎಂದೆ.

ಸಾಹೇಬರು ಗಾಡಿ ನಿಲ್ಲಿಸಿದರು. ಇಬ್ಬರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಭಟ್ರ, ಇವರನ್ನ ಇಲ್ಲೇ ಇಳಿಸಿಬಿಡೂಣೇನ್ರಿ?"

"ಇಳಿಸು," ಎಂದರು ಭಟ್ಟರು. "ಕ್ವಿನೈನ್ ಪೆಟ್ಟಿಗೆ ಮಾತ್ರ ಇಟ್ಗ."

೨. ಜಗಲಿಯ ಮೇಲೆ ಕೈ ಎತ್ತಿದ್ದು

ಈ ವಾದ ಒಂದು ದಿನ ದವಾಖಾನೆಯ ಜಗಲಿಗೂ ಬಂತು. ಡಾಕ್ಟರರು ಬರುವುದು ತಡವಾಗಿತ್ತು. ಹೊತ್ತು ಹೋಗಲೆಂದು ಭಟ್ಟರು, "ಪ್ರಳಯ ಆದ್ದು ಹೌದು ಹೇಳುವವು ಕೈ ಎತ್ತಿ" ಎಂದರು. ಕೂತವರೆಲ್ಲ ಚಳಿಜ್ವರದವರು. ಕೈಗಳು ಏಳುತ್ತಿದ್ದವು, ನಡುಗುತ್ತಿದ್ದವು, ಇಳಿಯುತ್ತಿದ್ದವು. ಯಾರು ಎತ್ತಿದರು, ಯಾರದು ಜ್ವರಕ್ಕೆ ತಾನಾಗಿ ಎದ್ದಿತು ಎಂದು ಕೊನೆಗೂ ಗೊತ್ತಾಗಲಿಲ್ಲ. ಕಂಬಳಿ ಹೊದ್ದ ಒಬ್ಬ ಮುದುಕಿ ಮಾತ್ರ, "ಎಷ್ಟಾರೂ ಬಂದಿರ್ಲಿ, ನಂಗೆ ಮೊದ್ಲು ಒಂದು ಲೋಟ ನೀರು ಕೊಡಿ" ಎಂದಳು.

ಆಗಿಲ್ಲ ಎನ್ನುವವರು ಯಾರು ಎಂದು ಕೇಳಿದಾಗ ನನ್ನ ಪರವಾಗಿ ಗಟ್ಟಿಯಾಗಿ ಕೈ ಎತ್ತಿದವನು ಒಬ್ಬನೇ. ಅವನು ಸಾಹೇಬರ ಮಗ. ಇಪ್ಪತ್ತೆರಡರ ಹುಡುಗ, ಶಿರಸಿಗೆ ಹೋಗುವ ಮೋಟಾರಿಗೆ ಹೊಸದಾಗಿ ಡ್ರೈವರ್ ಆಗಿದ್ದ. "ಅಬ್ಬಾ, ಕಂಪೌಂಡರಣ್ಣ ಕೇಳೂದು ಖರೇ ಐತಿ. ಅಷ್ಟು ನೀರು ಎಲ್ಲಿ ಹೋತು?" ಎಂದು ಅಪ್ಪನನ್ನೇ ಕೇಳಿದ.

ಸಾಹೇಬರಿಗೆ ಸಿಟ್ಟು ಬಂತು. ಮಗನ ಮಾತಿನ ಚುರುಕಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಅವನನ್ನು ಹತ್ತಿರ ಕೂರಿಸಿಕೊಂಡು ನೂಹ್ ಪೈಗಂಬರರ ಮಗನ ಕತೆ ಹೇಳಿದರು. ನೀರು ಏರುವಾಗ ತಂದೆ, "ಹಡಗು ಹತ್ತು ಮಗಾ" ಎಂದು ಕರೆದ. ಮಗ, "ನಾನು ಗುಡ್ಡ ಹತ್ತಿ ಉಳಕೋತೀನಿ" ಎಂದ. ನಡುವೆ ಒಂದು ತೆರೆ ಬಂತು, ಮಗ ಹೋದ. ತಂದೆ ದೇವರ ಹತ್ತಿರ, "ಅವನು ನನ್ನ ಮನೆಯವನು" ಎಂದು ಬೇಡಿಕೊಂಡ. "ಅವನು ನಿನ್ನ ಮನೆಯವನಲ್ಲ" ಎಂದು ಉತ್ತರ ಬಂತು.

ಇಷ್ಟು ಹೇಳುವಾಗ ಸಾಹೇಬರ ಕಣ್ಣಲ್ಲಿ ನೀರಿತ್ತು. ಹುಡುಗ ಎದ್ದು ಅಂಗಿ ಕೊಡವಿಕೊಂಡು, "ನಾನು ಗುಡ್ಡ ಹತ್ತೂದಿಲ್ಲ ಬಿಡು ಅಬ್ಬಾ, ಮೋಟಾರ್ ಹತ್ತತೀನಿ" ಎಂದು ನಗುತ್ತ ಕೆಲಸಕ್ಕೆ ಹೋದ.

೩. ವಜ್ರಳ್ಳಿಯ ಸಾಕ್ಷಿ

ವಜ್ರಳ್ಳಿಯ ಒಂದು ಮನೆಯಲ್ಲಿ ಬಾವಿ ತೋಡುತ್ತಿದ್ದರು. ನಾವು ಹೋದಾಗ ಆ ಮನೆಯ ಹೆಗಡೆಯವರು ಓಡಿಬಂದು ಅಂಗೈ ಬಿಚ್ಚಿ ತೋರಿಸಿದರು. ಸಮುದ್ರದ ಚಿಪ್ಪು! ಎದೆಮಟ್ಟ ಅಗೆದ ಮಣ್ಣಿನಲ್ಲಿ ಒಂದು ಬುಟ್ಟಿಯಷ್ಟು ಸಿಕ್ಕಿತ್ತಂತೆ. ಸಮುದ್ರ ಇಲ್ಲಿಂದ ಘಟ್ಟ ಇಳಿದು ಹೋಗುವಷ್ಟು ದೂರ.

ಭಟ್ಟರು ಚಿಪ್ಪನ್ನು ಕಣ್ಣಿಗೆ ಒತ್ತಿಕೊಂಡರು. ಸಾಹೇಬರು "ಸುಭಾನಲ್ಲಾ" ಎಂದರು. ಅಷ್ಟು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು ಅವತ್ತೇ. "ಈಗ ಎಂತ ಹೇಳ್ತೆ ತಮಾ? ನೀರು ಎಲ್ಲಿ ಹೋತು ಹೇಳಿ ಕೇಳ್ತಿದ್ದೆಲಿ?" ಎಂದು ಭಟ್ಟರು ನನ್ನನ್ನು ಬಾವಿಯ ಅಂಚಿಗೇ ಕರೆದುಕೊಂಡು ಹೋದರು. ಮೆಟ್ರಿಕ್ ಪಾಸಾದದ್ದೇ ತಪ್ಪಾಯಿತೇನೋ ಅನ್ನಿಸಿತು. ಚಿಪ್ಪನ್ನು ದೇವರ ಮುಂದಿಡಬೇಕೆಂದು ಭಟ್ಟರು, ಅರ್ಧ ತನಗೆ ಬೇಕೆಂದು ಸಾಹೇಬರು ಹಂಚಿಕೆಗೂ ಕೂತರು.

ಗಲಾಟೆ ಕೇಳಿ ಹೆಗಡೆಯವರ ಅಜ್ಜಿ ಒಳಗಿಂದ ಬಂದಳು. ಚಿಪ್ಪು ನೋಡಿದಳು, ಬಾವಿ ನೋಡಿದಳು. "ಅಯ್ಯೋ, ಎಂಗಳ ಮನೆ ಕಟ್ಟಕಾದ್ರೆ ಇಲ್ಲೇ ಸುಣ್ಣದ ಗೂಡು ಹಾಕಿದ್ದ. ಸುಡಲೆ ತಂದ ಚಿಪ್ಪಿ ಉಳಿದಿದ್ದನ್ನ ಗುಂಡಿಗೆ ಹಾಕಿ ಮುಚ್ಚಿದ್ದು" ಎಂದಳು. ಆಮೇಲೆ ಸಾಹೇಬರ ಮುಖವನ್ನೇ ದಿಟ್ಟಿಸಿ, "ಅಂಕೋಲೆಯಿಂದ ಚಿಪ್ಪಿ ತಂದು ಹಾಕಿದ್ದು ನಿನ್ನ ಅಪ್ಪನೇ ಅಲ್ದ?" ಎಂದಳು.

ಮೂವರೂ ತೆಪ್ಪಗೆ ಗಾಡಿ ಹತ್ತಿದೆವು. ಅರ್ಧ ಹರದಾರಿ ಹೋಗಿ ಆಯಿತು. ಕೊನೆಗೆ ಭಟ್ಟರೇ ನಿಟ್ಟುಸಿರು ಬಿಟ್ಟು, "ಪ್ರಳಯ ಬಂದದ್ದಂತೂ ಹೌದು. ನಿನ್ನ ಅಪ್ಪನ ಗಾಡಿಯಲ್ಲಿ ಬಂತು" ಎಂದರು.

೪. ಸಾಹೇಬರು ಕೇಳಿದ್ದು

ಆ ವರ್ಷ ಮಳೆ ಹಿಂದೆ ಸರಿದ ಮೇಲೆ ಜ್ವರ ಪೇಟೆಯ ಒಳಗೂ ಬಂತು. ಬಯಲುಸೀಮೆಯಲ್ಲಿ ಅದರ ಕಾಟ ಕಡಿಮೆ. ಸಾಹೇಬರು ಮನೆಯವರನ್ನೆಲ್ಲ ಗಾಡಿಗೆ ಹತ್ತಿಸಿ ಹಾವೇರಿ ಕಡೆ ಹೆಂಡತಿಯ ತವರಿಗೆ ಹೊರಟರು. ಮಗ ಬರಲಿಲ್ಲ. ಮೋಟಾರು ಬಿಟ್ಟು ಹೋದರೆ ಆ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ ಎಂದ. ಸಾಹೇಬರು ಗಾಡಿಯ ಮೇಲೆ ನಿಂತು ಮೂರು ಸಲ ಕರೆದರು. ಅವನು ದವಾಖಾನೆಯ ಕಡೆ ಕೈ ತೋರಿಸಿ, "ಕ್ವಿನೈನ್ ಐತಲ್ಲ ಅಬ್ಬಾ" ಎಂದು ನಕ್ಕ. ನಾನು ಬಾಗಿಲಲ್ಲಿ ನಿಂತಿದ್ದವನು, "ನಾನಿದ್ದೇನೆ, ನೀವು ಹೋಗಿ ಬನ್ನಿ" ಎಂದೆ. ಆ ಮಾತು ಆಡಬಾರದಿತ್ತು.

ಹದಿನೈದೇ ದಿನಕ್ಕೆ ಅವನಿಗೆ ಜ್ವರ ನೆತ್ತಿಗೇರಿತು. ನಾನು ಕೊಡುವುದನ್ನೆಲ್ಲ ಕೊಟ್ಟೆ, ಡಾಕ್ಟರರು ಸೂಜಿ ಚುಚ್ಚಿದರು. ಮೂರನೆಯ ದಿನ ಹೋಗಿಬಿಟ್ಟ. ಸಾಹೇಬರು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಮತ್ತೆ ಗಾಡಿ ಕಟ್ಟಿದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಭಟ್ಟರೂ ಪ್ರಳಯದ ಸುದ್ದಿ ಎತ್ತುತ್ತಿರಲಿಲ್ಲ. ಎರಡು ತಿಂಗಳು ಹೀಗೇ ಹೋಯಿತು. ಒಂದು ದಿನ ಮಾಗೋಡಿನ ದಾರಿಯಲ್ಲಿ ಸಾಹೇಬರು ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿದರು.

"ಕಂಪೌಂಡ್ರ, ನೀರು ಎಲ್ಲಿ ಹೋತು ಅಂತ ಕೇಳ್ತಿದ್ರಲ್ಲ, ಅದನ್ನ ಇನ್ನೊಮ್ಮೆ ಕೇಳ್ರಿ. ಪ್ರಳಯ ಆಗಿಲ್ಲ ಅಂತ ಗಟ್ಟಿಯಾಗಿ ಹೇಳ್ರಿ."

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. "ಆಗಿಲ್ಲ ಅಂದ್ರ ನೂಹ್ ಪೈಗಂಬರರ ಆ ಹುಡುಗಾನೂ ಇಲ್ಲ. ನಿನ್ನ ಮನಿಯಾಂವ ಅಲ್ಲ ಅಂತ ಹೇಳಿದ್ದೂ ಇಲ್ಲ. ನನ್ನ ಮಗಾನೂ ಕರದ್ರ ಬರಲಿಲ್ಲ ನೋಡ್ರಿ. ಕತಿ ಕೇಳಿ ನಕ್ಕಬಿಟ್ಟ. ದೇವರು ಅಂವನ್ನೂ ಹಂಗ ಕೈಬಿಟ್ಟಿದ್ರ?"

ಅವರ ಮಗನಿಗೆ ನಗುವುದನ್ನು ಕಲಿಸಿದವನೇ ನಾನು. ಉತ್ತರ ಕೊಟ್ಟವರು ಭಟ್ಟರು.

"ಆಯ್ದಿಲ್ಲೆ ಸಾಹೇಬ. ಪ್ರಳಯನೂ ಆಯ್ದಿಲ್ಲೆ, ಎಂತದೂ ಆಯ್ದಿಲ್ಲೆ."

"ಮನು?"

"ಮನುನೂ ಇಲ್ಲೆ."

"ಮೀನು?"

ಭಟ್ಟರು ಮೂವತ್ತು ವರ್ಷ ಆ ಮೀನಿನ ಕತೆ ಓದಿ ಊಟ ಮಾಡಿದವರು. "ಮೀನೂ ಇಲ್ಲೆ. ಮಕ್ಕೊಗೆ ಹೇಳಲೆ ಕಟ್ಟಿದ ಕತೆ" ಎಂದರು.

ಸಾಹೇಬರು ಸರ್ರನೆ ಹಿಂದೆ ತಿರುಗಿದರು. "ತೋಬಾ ತೋಬಾ! ಮೀನಿನ ವಿಷಯ ಹಂಗ ಅನಬ್ಯಾಡ್ರಿ ಭಟ್ರ! ಕೊಂಬಿತ್ತು ಅಂತ ನೀವಽ ಹೇಳೀರಿ. ಇಪ್ಪತ್ತು ವರ್ಷದಿಂದ ಕೇಳೀನಿ. ಇತ್ತ್ರಿ ಅದು!"

"ಇಲ್ಲೆ ಹೇಳಿದ್ನಲೀ!"

"ಇತ್ತಂದ್ರ ಇತ್ತು!"

ಮಾಗೋಡು ಮುಟ್ಟುವವರೆಗೂ ಇದೇ. ಮೀನಿನ ಪರ ಸಾಹೇಬರು, ವಿರುದ್ಧ ಭಟ್ಟರು. ನಾನು ನಗು ತಡೆಯಲಾರದೆ, ಅಳುವನ್ನೂ ತಡೆಯಲಾರದೆ ಪೆಟ್ಟಿಗೆಯ ಕಡೆ ಮುಖ ಮಾಡಿ ಕೂತೆ. ಇಳಿಯುವಾಗ ಸಾಹೇಬರು ಭಟ್ಟರ ಕೈ ಹಿಡಿದುಕೊಂಡು, "ನನ್ನ ಸಲುವಾಗಿ ಸುಳ್ಳು ಹೇಳಿದ್ರಿ. ಆದ್ರ ಪ್ರಳಯ ಆಗೈತ್ರಿ" ಎಂದರು. ಮಗನ ಬಗ್ಗೆ ಅವರು ಕೇಳಿದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ.

೫. ಪುಸ್ತಕದಲ್ಲಿ ಇಲ್ಲದ್ದು

ಮುಂದಿನ ಚಾತುರ್ಮಾಸದಲ್ಲಿ ದೇವಸ್ಥಾನದ ಪೌಳಿಯಲ್ಲಿ ಭಟ್ಟರ ಪುರಾಣ ನಡೆದಿತ್ತು. ಮಧ್ಯಾಹ್ನ ಊಟವಾದ ಮೇಲೆ ಶುರು. ಮೊದಲು ಶ್ಲೋಕ, ಆಮೇಲೆ ಕನ್ನಡದಲ್ಲಿ ಅರ್ಥ. ಭಟ್ಟರನ್ನು ಕರೆದುಕೊಂಡು ಹೋಗಲು ಬಂದ ಸಾಹೇಬರು ಎಂದಿನಂತೆ ಹೊರಗೆ ಗಾಡಿಯ ಮೇಲೆ ಕೂತು ಕೇಳುತ್ತಿದ್ದರು. ಅವತ್ತು ಮೀನಿನ ಕತೆ ಬಂದಿತ್ತು. ನೀರು ಏರಿತು, ದೋಣಿ ಬಂತು, ಏಳು ಋಷಿಗಳು ಹತ್ತಿದರು, ಬೀಜಗಳನ್ನು ತುಂಬಿದರು, ಮೀನು ಎಳೆಯತೊಡಗಿತು.

ಅಲ್ಲಿ ಭಟ್ಟರು ಕನ್ನಡಕ ತೆಗೆದರು. ಪುಸ್ತಕ ನೋಡದೆ ಹೇಳಿದರು:

"ಆಗ ದೋಣಿಯಲ್ಲಿದ್ದ ಒಬ್ಬ ತಂದೆ ಕೂಗಿದ: ಮತ್ಸ್ಯವೇ, ನಿಲ್ಲು. ನನ್ನ ಮಗ ದಡದಲ್ಲಿ ಉಳಿದ. ಕರೆದರೆ ಬರಲಿಲ್ಲ, ನಕ್ಕ. ಮತ್ಸ್ಯ ಕೇಳಿತು: ನಕ್ಕರೆ ಏನಾಯಿತು, ಅವನು ನಿನ್ನ ಮನೆಯವನು ಹೌದೋ ಅಲ್ಲವೋ? ತಂದೆ, ನನ್ನ ಮನೆಯವನೇ ಎಂದ. ಹಾಗಾದರೆ ಸರಿ ಎಂದು ಮತ್ಸ್ಯ ಅಷ್ಟು ದೊಡ್ಡ ದೋಣಿಯನ್ನು ತಿರುಗಿಸಿಕೊಂಡು ಹಿಂದೆ ಹೋಯಿತು. ಹುಡುಗನನ್ನು ತನ್ನ ಬೆನ್ನಿನ ಮೇಲೆ ಕೂರಿಸಿಕೊಂಡಿತು."

ನನಗೆ ಹೊರಗೆ ನೋಡುವ ಧೈರ್ಯವಾಗಲಿಲ್ಲ. ಪುರಾಣವನ್ನು ಬಾಯಿಪಾಠ ಮಾಡಿದ ಪೇಟೆಯ ಹಿರಿಯ ಹೆಗಡೆಯವರೊಬ್ಬರು ಎದುರಿಗೇ ಕೂತಿದ್ದರು. ಅವರು ಕೈ ಎತ್ತಿ, "ಭಟ್ರೆ, ಇದು ಯಾವ ಅಧ್ಯಾಯದಲ್ಲಿ ಇದ್ದು? ಎಂಗಳ ಮನೆ ಪುಸ್ತಕದಲ್ಲಿ ಇಲ್ಲೆ" ಎಂದರು.

"ನಿಂಗಳ ಪುಸ್ತಕಕ್ಕೆ ಗೆದ್ದಲು ಹಿಡದಿಕ್ಕು. ಆ ಹಾಳೆ ತಿಂದಿಕ್ಕು."

"ಗೆದ್ದಲು? ಹೋದ ವರ್ಷ ಕಾಶಿಯಿಂದ ತರಿಸಿದ ಹೊಸ ಪುಸ್ತಕ ಅದು!"

"ಕಾಶಿ ಗೆದ್ದಲು ಮತ್ತೂ ಜೋರು," ಎಂದರು ಭಟ್ಟರು.

ಸಭೆ ನಕ್ಕಿತು. ಹಿರಿಯರು ನಗಲಿಲ್ಲ, ಬಿಡಲೂ ಇಲ್ಲ. "ಹಾಳೆ ಇದ್ದದ್ದಕ್ಕೆ ಸಾಕ್ಷಿ ಎಂತ ಇದ್ದು?" ಎಂದು ಪಟ್ಟು ಹಿಡಿದರು. ಭಟ್ಟರು ಕನ್ನಡಕ ಒರೆಸತೊಡಗಿದರು.

ಆಗ ಹೊರಗಿನಿಂದ ಸಾಹೇಬರ ದನಿ ಬಂತು. ಅಷ್ಟು ವರ್ಷ ಅಲ್ಲಿ ಕೂತು ಕೇಳಿದವರು ನಡುವೆ ಬಾಯಿ ಹಾಕಿದ್ದು ಅವತ್ತೇ ಮೊದಲು.

"ಆ ಹಾಳಿ ಐತ್ರಿ, ಹೆಗಡೇರ! ಭಟ್ರು ಗಾಡ್ಯಾಗ ಓದಿ ಹೇಳ್ಯಾರ. ಒಂದಕ್ಷರಾನೂ ಹೆಚ್ಚುಕಮ್ಮಿ ಇಲ್ಲ!"