ಜನರೇಟರಿಗೆ ಮಾಡಿದ ಉಪಚಾರ

ವಿಚಾರಿಸಿ ಬೈಯುವವರನ್ನು ಕಂಡರೆ ನನಗೆ ಆಶ್ಚರ್ಯ. ನಾನು ಮೊದಲು ಬೈದು, ಪುರುಸೊತ್ತಾದರೆ ಆಮೇಲೆ ವಿಚಾರಿಸುವವನು. ಹೊನ್ನಾವರ ಬಂದರಿನ ಹತ್ತಿರದ ಐಸ್ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿರುವುದರಿಂದ ಅವಕಾಶಗಳಿಗೂ ಕೊರತೆಯಿಲ್ಲ. ಇಷ್ಟು ತಣ್ಣನೆಯ ಕಸುಬಿನಲ್ಲಿ ಇಷ್ಟು ಬಿಸಿ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ಕರೆಂಟು ಹೋದ ಗಳಿಗೆಯಲ್ಲೇ ಜನರೇಟರೂ ಕೈಕೊಟ್ಟರೆ ಏನಾಗುತ್ತದೆಂದು ಅವಳಿಗೇನು ಗೊತ್ತು?

ನಮ್ಮ ಜನರೇಟರ್ ಕಳೆದ ತಿಂಗಳು ಸುಟ್ಟಿತು. ಭಟ್ಕಳದ ಜಾಲಿಯಲ್ಲಿ ವೈಂಡಿಂಗ್ ಅಂಗಡಿ ಇಟ್ಟಿರುವ ಮುನೀರ್ ಸಾಹೇಬರು ಹಳೆಯ ತಾಮ್ರದ ತಂತಿಯನ್ನೆಲ್ಲ ಕಿತ್ತು ಹೊಸದು ಸುತ್ತಿದರು. ತಂತಿಗೂ ಕಬ್ಬಿಣಕ್ಕೂ ನಡುವೆ ಇನ್ಸುಲೇಶನ್ ಪೇಪರ್ ಇಟ್ಟು, ಮೇಲಿಂದ ವಾರ್ನಿಷ್ ಕುಡಿಸಿ, ಒಣಗಿಸಿ ಕೊಟ್ಟರು. ಕರೆಂಟು ಹೋಗಬಾರದ ಕಡೆ ಹೋಗದಂತೆ ಕಾಯುವುದು ಈ ಪೇಪರ್, ವಾರ್ನಿಷ್‌ಗಳೇ. ಇವಕ್ಕೆ ಅತಿ ಬಿಸಿ ಒಗ್ಗುವುದಿಲ್ಲ, ಜೋಪಾನ ಎಂದೂ ಹೇಳಿದರು.

ಹನ್ನೆರಡನೇ ದಿನ ಅದು ಮತ್ತೆ ಸುಟ್ಟಿತು. ಐಸ್ ಇಲ್ಲದೆ ಸಾವಿತ್ರಕ್ಕನ ಎರಡು ಬುಟ್ಟಿ ಬಂಗಡೆ ಗೊಬ್ಬರವಾಯಿತು. ಮೀನು ಮಾರಿಯೇ ಸಂಸಾರ ಸಾಗಿಸುವ ಆಕೆ ಬುಟ್ಟಿಗಳ ಸಮೇತ ನನ್ನ ಆಫೀಸಿನ ಬಾಗಿಲಲ್ಲಿ ಕೂತಳು. ಆ ವಾಸನೆಗೆ ನನ್ನ ಸಿಟ್ಟು ನೆತ್ತಿಗೇರಿತು. ಬಂದರಿಗೆ ಹೋಗಿ ಸಿಕ್ಕಸಿಕ್ಕವರಿಗೆ ಹೇಳಿದೆ: ಮುನೀರ್ ಮೋಸ ಮಾಡಿದ್ದಾನೆ, ಇನ್ಸುಲೇಶನ್ ಪೇಪರ್ ಬದಲು ಹಳೇ ನ್ಯೂಸ್ ಪೇಪರ್ ತುರುಕಿದ್ದಾನೆ. ಯಾವ ಪತ್ರಿಕೆ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ವಿವರಿಸಿದೆ. ಜನ ಗುಂಪು ಕಟ್ಟಿ ಕೇಳಿದರು. ಆಮೇಲೆ ಫೋನಿನಲ್ಲಿ ಮುನೀರ್ ಸಾಹೇಬರಿಗೂ ಅದನ್ನೇ ಒದರಿದೆ. ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಅವರು ಫೋನಿಟ್ಟರು.

ಮರುದಿನ ಬಂದವರು ಮುಚ್ಚಳ ಬಿಚ್ಚಿ, ಒಳಗಿಂದ ಒಂದು ತುಂಡು ಪೇಪರ್ ಕಿತ್ತು ನನ್ನ ಕೈಯಲ್ಲಿಟ್ಟರು. ದಪ್ಪನೆಯ ಅಸಲಿ ಪೇಪರೇ. ಆದರೆ ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಮೆತ್ತಗಾಗಿತ್ತು. ನೆಲದ ಮೇಲೆ ನೀರು ಯಾಕೆ ನಿಂತಿದೆ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಬಿಸಿ ಒಗ್ಗದು ಅಂದಿದ್ದಿರಲ್ಲ, ದಿನಾ ಮಧ್ಯಾಹ್ನ ಸುತ್ತ ನಾಲ್ಕು ಐಸ್ ಗಡ್ಡೆ ಇಡಿಸುತ್ತಿದ್ದೆ.

ಅವರು ನನ್ನ ಕೈಯಲ್ಲಿದ್ದ ಪೇಪರನ್ನು ತೆಗೆದು ಹಿಂಡಿ ತೋರಿಸಿದರು.

"ಬಿಸಿ ಮಾಡ್ಬೇಡಿ ಅಂದೆ, ಸ್ನಾನ ಮಾಡ್ಸಿ ಅನ್ನಲಿಲ್ಲ. ಅದರ ಫ್ಯಾನು ಆ ಥಂಡಿಯನ್ನೆಲ್ಲ ಒಳಗೆ ಎಳೆದಿದೆ. ಒದ್ದೆ ಪೇಪರ್ ಕರೆಂಟನ್ನು ತಡೆಯೋದಿಲ್ಲ," ಎಂದರು. ಮುಚ್ಚಳ ಮುಚ್ಚುತ್ತಾ, "ನ್ಯೂಸ್ ಪೇಪರ್ ವಿಷಯ ಬಸ್ ಸ್ಟ್ಯಾಂಡಲ್ಲೂ ಜನ ನಂಗೆ ಹೇಳಿದ್ರು," ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು. ತಪ್ಪಾಯಿತು ಎಂದೆ. ನನ್ನಲ್ಲಿ ಬೇಡ, ಬಂದರಲ್ಲಿ ಹೇಳಿ ಎಂದರು.

ಹೋದೆ. ಬೈಯುವಾಗ ಗುಂಪು ಕಟ್ಟಿದವರಿಗೆಲ್ಲ ಈಗ ಬಲೆಯ ಕೆಲಸವಿತ್ತು. ನಿಂತು ಕೇಳಿದವಳು ಸಾವಿತ್ರಕ್ಕ ಒಬ್ಬಳೇ. ಅವಳಿಗೆ ಪೇಪರ್, ವಾರ್ನಿಷ್, ಥಂಡಿ, ಫ್ಯಾನು, ಮುನೀರ್ ಸಾಹೇಬರ ಪ್ರಾಮಾಣಿಕತೆ ಎಲ್ಲವನ್ನೂ ಕಾಲು ಗಂಟೆ ವಿವರಿಸಿದೆ. ಪೂರ್ತಿ ಕೇಳಿ ಅವಳು ಅಂದಳು:

"ಆತು. ಅಂದ್ರೆ ನನ್ನ ಬಂಗಡೆ ಹಾಳು ಮಾಡಿದ್ದು ನೀವೇ ಅಲ್ದಾ?"

ಕಾಲು ಗಂಟೆಯಲ್ಲಿ ಅದೊಂದನ್ನು ಮಾತ್ರ ನಾನು ಹೇಳಿರಲಿಲ್ಲ.